ಕಾರ್ಡೀಲಿಯಾ ನೇಸ್ಮಿತ್

ಅಮೆರಿಕದ ಲೇಖಕಿ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ (ಜನನ 1949) ಅವರ ವೊರ್ಕೊಸಿಗನ್ ಕಾದಂಬರಿ ಮಾಲೆಯ ಪ್ರಮುಖ ಸ್ತ್ರೀಪಾತ್ರ. ಬಾಹ್ಯಾಕಾಶದ ಗಡಿಸೀಮೆಯಲ್ಲಿ, ಎಂದರೆ ಮನುಷ್ಯರು ಇನ್ನೂ ನೆಲೆಯೂರದ ಗ್ರಹಗಳಲ್ಲಿ, ನಡೆಯುವ ವೈಜ್ಞಾನಿಕ ಪ್ರಣಯಕಥೆಗಳಲ್ಲಿ ಗಟ್ಟಿಯಾದ ನಾಯಕಿಯನ್ನು ರೂಪಿಸುವ ಬಗೆಗೆ ಈ ಪಾತ್ರ ಅತ್ಯುತ್ತಮ ನಿದರ್ಶನ. 1986ರಲ್ಲಿ ಪ್ರಕಟವಾದ ‘ಶಾರ್ಡ್ಸ್ ಆಫ್ ಆನರ್’ ಕಾದಂಬರಿಯಲ್ಲಿ ಬೀಟಾ ವಸಾಹತಿನ ಖಗೋಳ ಸಮೀಕ್ಷಾ ತಂಡವೊಂದರ ಮುಖ್ಯಸ್ಥೆಯಾದ ಈಕೆ, ಹೊಸದಾಗಿ ಪತ್ತೆಯಾದ ಗ್ರಹದಲ್ಲಿ ತನ್ನವರಿಂದ ಬೇರ್ಪಟ್ಟು, ಬರಾಯರ್ ಎಂಬ ಸೇನಾಪ್ರಧಾನ ಗ್ರಹದ ಅಧಿಕಾರಿ ಅರಾಲ್ ವೊರ್ಕೊಸಿಗನ್‌ನ ಸೆರೆಯಾಳಾಗುತ್ತಾಳೆ. ನರಮಂಡಲವನ್ನು ನಾಶಮಾಡುವ ಆಯುಧಕ್ಕೆ ಗುರಿಯಾಗಿ ಬುದ್ಧಿಶಕ್ತಿ ಕಳೆದುಕೊಂಡ ಕಿರಿಯ ಸಹೋದ್ಯೋಗಿಗೆ ಸಾವೇ ಲೇಸೆಂದು ಅರಾಲ್ ಸೂಚಿಸಿದಾಗ ಆಕೆ ಒಪ್ಪದೆ, ಅಳಿದುಳಿದ ಓಟ್ಸ್ ಗಂಜಿಯನ್ನು ಅವನಿಗೆ ಉಣಿಸುತ್ತ, ಕೈಹಿಡಿದು ನಡೆಸುತ್ತ ದಿನಗಟ್ಟಲೆ ದುರ್ಗಮ ದಾರಿಯನ್ನು ಕ್ರಮಿಸುತ್ತಾಳೆ. ಅರಾಲ್‌ನ ಗೌರವ ಪ್ರೀತಿಯಾಗಿ ಬೆಳೆಯುವುದು ಈ ಹಟವನ್ನು ಕಣ್ಣಾರೆ ಕಂಡ ಮೇಲೆಯೇ. ಮುಂದೆ ಸೆರ್ಗ್ಯಾರ್ ಎಂದು ಹೆಸರಾಗುವ ಆ ಗ್ರಹವನ್ನು, 2016ರ ‘ಜಂಟಲ್‌ಮನ್ ಜೋಲ್ ಆ್ಯಂಡ್ ದ ರೆಡ್ ಕ್ವೀನ್’ ಕೃತಿಯಲ್ಲಿ ವಿಧವೆಯಾದ ಕಾರ್ಡೀಲಿಯಾಳೇ ಆಳುತ್ತಾಳೆ.

ಕೈಗೆ ಬಂದೂಕು ಕೊಟ್ಟೊಡನೆ ನಾಯಕಿ ಬಲಿಷ್ಠಳಾಗುವುದಿಲ್ಲವೆಂಬುದನ್ನು ಬುಜೋಲ್ಡ್ ಚೆನ್ನಾಗಿ ಬಲ್ಲರು. ಹ್ಯೂಗೋ ಪ್ರಶಸ್ತಿ ಪಡೆದ ‘ಬರಾಯರ್’ (1991) ಕಾದಂಬರಿಯಲ್ಲಿ, ವಿಷಾನಿಲದಿಂದ ಘಾಸಿಗೊಂಡ ಕಾರ್ಡೀಲಿಯಾಳ ಭ್ರೂಣವನ್ನು ಕೃತಕ ಗರ್ಭಕೋಶದಲ್ಲಿ, ಎಂದರೆ ತಾಯಿಯ ಒಡಲಿನಾಚೆ ಶಿಶುವನ್ನು ಬೆಳೆಸುವ ಯಂತ್ರದಲ್ಲಿ, ಇರಿಸಲಾಗುತ್ತದೆ. ಅಂತರ್ಯುದ್ಧದಲ್ಲಿ ಅದು ಶತ್ರುವಶವಾದಾಗ, ಗಂಡನಾದ ಅರಾಲ್‌ನ ರಾಜಕೀಯ ಲೆಕ್ಕಾಚಾರವನ್ನು ಬದಿಗೊತ್ತಿ ಆಕೆ ರಾಜಧಾನಿಗೆ ನುಗ್ಗುತ್ತಾಳೆ. ಇಲ್ಲಿ ತಾಯ್ತನವೂ ಸಾಹಸವೂ ಒಂದನ್ನೊಂದು ಕುಗ್ಗಿಸುವುದಿಲ್ಲ; ದಾಂಪತ್ಯದ ಪ್ರೀತಿಯೂ ಆಕೆಯ ಸ್ವಂತ ವಿವೇಚನೆಯನ್ನು ಕಸಿದುಕೊಳ್ಳುವುದಿಲ್ಲ.