ಕತ್ತಲೆಯ ಸುದ್ದಿ ಮುಟ್ಟಿಸುವವರಾರು?



ಯುಗಾದಿ ಕಳೆದ ಮೇಲೆ ನಮ್ಮ ಮುದ್ದೇಬಿಹಾಳ ಸೀಮೆಗೆ ಬರುವ ಅಡ್ಡಮಳೆಯ ಪರಿ ನಿಮಗೆಲ್ಲ ತಿಳಿದದ್ದೇ. ಹಗಲೆಲ್ಲ ಕೆಂಡದಂತಹ ಬಿಸಿಲು. ಸಂಜೆಯ ಹೊತ್ತಿಗೆ ಕಾರ್ಮೋಡ ಕವಿದು, ಮೊದಲು ಧೂಳೆಬ್ಬಿಸುವ ಬಿರುಗಾಳಿ, ಆಮೇಲೆ ಗುಡುಗು ಸಿಡಿಲು, ಕೊನೆಗೆ ಬಿದ್ದರೆ ನಾಲ್ಕು ಹನಿ. ಆ ಹನಿ ಬೀಳುವ ಮೊದಲೇ ಕರೆಂಟು ಹೋಗಿರುತ್ತದೆ. ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ದೀಪ ಬಂದ ದಿನವನ್ನು ದಾಖಲಿಸುತ್ತಾರೆ. ಹೋದ ದೀಪದ ಸುದ್ದಿ ಯಾರಿಂದ ಯಾರಿಗೆ, ಹೇಗೆ ಮುಟ್ಟುತ್ತಿತ್ತು ಎಂಬುದನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಈ ಲೇಖನ ಆ ಸುದ್ದಿಯ ಚರಿತ್ರೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನಾವು ಆಗ ಮುಂಬಯಿ ಪ್ರಾಂತದವರು. ಆ ಬೆಳಕು ನಮ್ಮದಾಗಿರಲಿಲ್ಲ. 1956ರ ಏಕೀಕರಣದಿಂದ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷ, 1957ರ ಅಕ್ಟೋಬರಿನಲ್ಲಿ, ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಮುಂದೆ ‘ಕೆ.ಇ.ಬಿ.’ ಎಂದು ಮನೆಮಾತಾದದ್ದು ಇದೇ. ನನ್ನ ಬಾಲ್ಯದ ಓದು ಕಂದೀಲಿನ ಬೆಳಕಿನಲ್ಲಿಯೇ ಸಾಗಿತು. ಕಂದೀಲು ಆರಿದರೆ ಎಣ್ಣೆ ಹಾಕುವವರು ನಾವೇ. ವಿದ್ಯುದ್ದೀಪ ಬಂದಾಗ ಆ ಹೊಣೆ ಮನೆಯಿಂದ ಹೊರಗೆ ಹೋಯಿತು. ಆದರೆ ದೀಪ ಆರಿದೆಯೆಂದು ಹೇಳುವ ಹೊಣೆ ಯಾರದೆಂಬುದನ್ನು ನಮಗಾರೂ ಕಲಿಸಲಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. 1980ರ ದಶಕದಲ್ಲಿ, ನೌಕರಿಯ ಮೊದಲ ವರ್ಷಗಳಲ್ಲಿ, ತಾಲೂಕಿನ ಒಂದು ಹಳ್ಳಿಯಲ್ಲಿದ್ದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸಂಜೆ ಬಿರುಗಾಳಿ ಎದ್ದಿತು, ಮಳೆಯಾಗಲಿಲ್ಲ. ಊರಿನ ಕೆಲವು ಮನೆಗಳಲ್ಲಿ ದೀಪ ಉರಿಯುತ್ತಲೇ ಇತ್ತು, ಮಿಕ್ಕ ಮನೆಗಳಲ್ಲಿ ಬಲ್ಬಿನ ತಂತಿ ಮಾತ್ರ ಕೆಂಪಗಾಗಿ ಮಿಣುಕುತ್ತಿತ್ತು. ಹುಡುಗರು ಶಾಲೆಯ ಪಡಸಾಲೆಯಲ್ಲಿ ಕಂದೀಲು ಇಟ್ಟುಕೊಂಡು ಓದಿದರು. ಊರ ಹಿರಿಯರು ಹೇಳಿಕಳಿಸಿರುತ್ತಾರೆ ಎಂದು ನಾನು ತಿಳಿದೆ. ಅರ್ಜಿ ಬರೆಯಬಲ್ಲ ಮಾಸ್ತರರು ಹೇಳಿರುತ್ತಾರೆ ಎಂದು ಹಿರಿಯರು ತಿಳಿದರು. ಹೀಗೆ ಮೂರು ದಿನಗಳು ಕಳೆದವು.

ಮೂರನೆಯ ದಿನ ನಸುಕಿನಲ್ಲಿ ಹೊಲಕ್ಕೆ ಹೊರಟ ರೈತರೊಬ್ಬರ ಎತ್ತು ಬದುವಿನ ಮೇಲೆ ಹರಿದು ಬಿದ್ದಿದ್ದ ತಂತಿಯನ್ನು ತುಳಿದು ಅಲ್ಲಿಯೇ ಸತ್ತಿತು. ಹಗ್ಗ ಒಣಗಿದ್ದುದರಿಂದಲೋ, ಆತ ನಾಲ್ಕು ಹೆಜ್ಜೆ ಹಿಂದಿದ್ದುದರಿಂದಲೋ, ಮನುಷ್ಯ ಉಳಿದ. ನಾನು ಸೈಕಲ್ ಹತ್ತಿ ಹನ್ನೆರಡು ಕಿಲೋಮೀಟರು ದೂರದ ಸೆಕ್ಷನ್ ಆಫೀಸಿಗೆ ಸಿಟ್ಟಿನಿಂದಲೇ ಹೋದೆ. ಅಲ್ಲಿದ್ದ ನೌಕರರು ದೂರಿನ ವಹಿಯನ್ನು ನನ್ನ ಮುಂದೆ ತಿರುವಿ ಹಾಕಿ, “ಮಾಸ್ತರ್ರ, ಮೂರ ದಿನದಾಗ ನಿಮ್ಮೂರಿಂದ ಒಬ್ಬರೂ ಬಂದಿಲ್ಲಲ್ರೀ. ನಮಗ ಹ್ಯಾಂಗ ಗೊತ್ತಾಗಬೇಕು?” ಎಂದರು. ಆ ಪುಟದಲ್ಲಿ ನಮ್ಮ ಊರಿನ ಹೆಸರಿರಲಿಲ್ಲ. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು.

ತಂತಿ ಹರಿದರೆ ಸಬ್‌ಸ್ಟೇಷನ್ನಿನವರಿಗೆ ತಾನಾಗಿ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಅಂದು ಅದನ್ನೇ ಕೇಳಿದ್ದೆ. ಎಲ್ಲ ಸಲವೂ ಗೊತ್ತಾಗುವುದಿಲ್ಲ. 11 ಕಿಲೋವೋಲ್ಟಿನ ಮಾರ್ಗದಲ್ಲಿ ತಂತಿ ಹರಿದು ಹಸಿ ನೆಲಕ್ಕೆ ಬಿದ್ದರೆ ಭೂಮಿಗೆ ಹೆಚ್ಚು ವಿದ್ಯುತ್ತು ಹರಿಯುತ್ತದೆ. ಸಬ್‌ಸ್ಟೇಷನ್ನಿನ ಬ್ರೇಕರ್ ಅದನ್ನು ಗುರುತಿಸಿ ಮಾರ್ಗವನ್ನು ಬಂದ್ ಮಾಡುತ್ತದೆ. ಅದೇ ತಂತಿ ಒಣ ಕಲ್ಲಿನ ಬದುವಿನ ಮೇಲೆ ಬಿದ್ದರೆ ಹರಿಯುವ ವಿದ್ಯುತ್ತು ತೀರ ಕಡಿಮೆ. ಪಂಪುಸೆಟ್ಟು ಓಡಿದಷ್ಟೇ ಭಾರವೆಂದು ಯಂತ್ರ ಸುಮ್ಮನಿದ್ದುಬಿಡಬಹುದು. ತಂತಿ ಮಾತ್ರ ಜೀವಂತವಾಗಿಯೇ ಬಿದ್ದಿರುತ್ತದೆ. ಹಾಗೆಯೇ ಒಂದು ಹಳ್ಳಿಯ ಟಿ.ಸಿ.ಯ ಫ್ಯೂಜು ಹೋದರೆ ಉಳಿದ ಹಳ್ಳಿಗಳಿಗೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಸಬ್‌ಸ್ಟೇಷನ್ನಿನ ಮೀಟರಿಗೆ ಆ ಒಂದು ಊರಿನ ಕತ್ತಲೆ ಕಾಣುವುದಿಲ್ಲ. ಅದನ್ನು ಕಾಣಬಲ್ಲ ಕಣ್ಣು ಆ ಊರಿನವರದು ಮಾತ್ರ.

ನಮ್ಮ ನೆಲವೂ ಈ ಕಷ್ಟಕ್ಕೆ ತನ್ನ ಪಾಲು ಸೇರಿಸುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರಲ್ಲಿ ನೆಟ್ಟ ಕಂಬ ವರ್ಷದಿಂದ ವರ್ಷಕ್ಕೆ ವಾಲುತ್ತದೆ. ಬಿಸಿಲಿಗೆ ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗುತ್ತವೆ. ಬೇಸಿಗೆಯ ಧೂಳು ಕುಳಿತ ಪಿಂಗಾಣಿ ಇನ್ಸುಲೇಟರುಗಳ ಮೇಲೆ ಮೊದಲ ಹನಿ ಬಿದ್ದೊಡನೆ ಕಿಡಿ ಹಾರುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಹಾಮಳೆ, 2014ರ ಮಾರ್ಚಿನಲ್ಲಿ ಜೋಳವನ್ನೂ ದ್ರಾಕ್ಷಿಯನ್ನೂ ನೆಲಕ್ಕೆ ಒರಗಿಸಿದ ಆಣೆಕಲ್ಲು ಮಳೆ ನೆನಪಿನಲ್ಲಿ ಉಳಿದಿವೆ. ಪ್ರತಿವರ್ಷದ ಸಣ್ಣ ಬಿರುಗಾಳಿಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ದೀಪ ಕಳೆಯುವುದು ಹೆಚ್ಚಾಗಿ ಅವುಗಳಿಂದಲೇ.

ಸುದ್ದಿ ಮುಟ್ಟಿಸುವ ಸಾಧನಗಳು ಬದಲಾಗುತ್ತ ಬಂದವು. ಮೊದಲು ಸೈಕಲ್ಲು, ಇಲ್ಲವೇ ಮುಂಜಾನೆಯ ಬಸ್ಸಿಗೆ ಹೋಗುವವರ ಕೈಯಲ್ಲಿ ಒಂದು ಚೀಟಿ. ಹಳ್ಳಿಯ ಬಿಸಿಲು ಧೂಳುಗಳನ್ನು ತಾಳಿಕೊಳ್ಳುವಂತೆ ಸಿ-ಡಾಟ್ ಸಂಸ್ಥೆ ರೂಪಿಸಿದ ಪುಟ್ಟ ಟೆಲಿಫೋನ್ ವಿನಿಮಯ ಕೇಂದ್ರ ದೇಶದಲ್ಲಿಯೇ ಮೊದಲಿಗೆ 1986ರಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಆರಂಭವಾಯಿತೆಂಬುದು ಹೆಮ್ಮೆಯ ಸಂಗತಿ. ಅಂತಹ ಕೇಂದ್ರಗಳು ಹಬ್ಬಿದಂತೆ ಊರಿನ ಒಂದು ಫೋನು ಹತ್ತು ಸೈಕಲ್ಲುಗಳ ಕೆಲಸ ಮಾಡತೊಡಗಿತು. 1999ರಲ್ಲಿ ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಬಂದಿತು, 2002ರ ಜೂನ್ 1ರಿಂದ ನಮಗೆ ಹುಬ್ಬಳ್ಳಿಯ ಹೆಸ್ಕಾಂ. ಮೊಬೈಲ್ ಬಂದ ಮೇಲೆ ದೂರೆಲ್ಲ ಲೈನ್‌ಮನ್ನರ ಸ್ವಂತ ಫೋನಿಗೇ ಹೋಗತೊಡಗಿತು. ಕಂಬದ ಮೇಲಿರುವ ಮನುಷ್ಯನಿಗೆ ನಲವತ್ತು ಕರೆಗಳು! ಈಗ 1912 ಎಂಬ ನಾಲ್ಕಂಕಿಯ ಸಂಖ್ಯೆಯಿದೆ.

ಲೈನ್‌ಮನ್ನರಿಗೆ ಹೇಳುವುದಕ್ಕೂ ದೂರು ಬರೆಸುವುದಕ್ಕೂ ವ್ಯತ್ಯಾಸವಿದೆ. ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2004ರ ನಿಯಮಗಳಲ್ಲಿ ದುರಸ್ತಿಗೆ ಗಡುವು ಹಾಕಿಕೊಟ್ಟಿತು: ಹಳ್ಳಿಯಲ್ಲಿ ಫ್ಯೂಜು ಹೋದರೆ 24 ತಾಸು, ಟಿ.ಸಿ. ಸುಟ್ಟರೆ 72 ತಾಸು. ಪಟ್ಟಣಕ್ಕೆ ಕ್ರಮವಾಗಿ 6 ಮತ್ತು 24. ಹಳ್ಳಿಗೇಕೆ ಇಷ್ಟು ದೀರ್ಘ ಅವಧಿ ಎಂಬ ಪ್ರಶ್ನೆ ನ್ಯಾಯವಾದದ್ದೇ. 290 ಮೆಗಾವ್ಯಾಟಿನ ಆಲಮಟ್ಟಿ, 2400 ಮೆಗಾವ್ಯಾಟಿನ ಕೂಡಗಿ ಎರಡೂ ನಮ್ಮ ಮಗ್ಗುಲಲ್ಲಿಯೇ ಇರುವಾಗ ಅದು ಇನ್ನಷ್ಟು ನ್ಯಾಯವಾದದ್ದು. ಆದರೆ ಆ ಗಡಿಯಾರ ಓಡತೊಡಗುವುದು ಗಾಳಿ ಬೀಸಿದಾಗಲೂ ಅಲ್ಲ, ದೀಪ ಆರಿದಾಗಲೂ ಅಲ್ಲ, ದೂರು ದಾಖಲಾದಾಗ. ಅಂದು ನಮ್ಮ ಮೂರು ದಿನಗಳು, ಅಂದರೆ 72 ತಾಸುಗಳು, ಯಾವ ಲೆಕ್ಕಕ್ಕೂ ಸೇರದೆ ಹೋದವು.

ಈಗ ಸುದ್ದಿ ಎದುರು ದಿಕ್ಕಿನಿಂದಲೂ ಬರುತ್ತಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲೆಂದು ರಾಜ್ಯದಲ್ಲಿ ಹುಟ್ಟಿದ ಕೋಶವೇ ಬೆಳೆದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅದರ ಮಳೆಮಾಪಕಗಳಿವೆ. ಪುಣೆಯ ವಿಜ್ಞಾನಿಗಳ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಆಕಾಶದ ಸುದ್ದಿ ಹೊಲದಲ್ಲಿರುವವರ ಕೈಗೆ ಬರುವ ಕಾಲವಿದು. ಹೊಲದ ಬದುವಿನ ಸುದ್ದಿ ಮಾತ್ರ ಇಂದಿಗೂ ನಮ್ಮ ಬಾಯಿಂದಲೇ ಹೋಗಬೇಕು.

ಆದುದರಿಂದ ನಿಮ್ಮ ಹಳೆಯ ಮಾಸ್ತರನ ಮಾತನ್ನು ಮನಸ್ಸಿನಲ್ಲಿಡಿ. ತಂತಿ ಬಿದ್ದುದನ್ನು ಕಂಡರೆ, ಅದರಲ್ಲಿ ಕರೆಂಟು ಇಲ್ಲವೆಂದು ಎಂದೂ ತಿಳಿಯಬೇಡಿ. ಹತ್ತು ಮೀಟರಾದರೂ ದೂರ ನಿಂತು, ಒಬ್ಬರು ಕಾವಲಿರಿ, ಒಬ್ಬರು ತಿಳಿಸಿರಿ. ಊರು, ಹೊಲದ ಗುರುತು, ಸಮೀಪದ ಟಿ.ಸಿ. ಯಾವುದೆಂಬುದನ್ನು ಹೇಳಿರಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಬೇರೆಯವರು ಆಗಲೇ ಹೇಳಿದ್ದರೆ ನಿಮ್ಮದು ಎರಡನೆಯ ದೂರಾಗುತ್ತದೆ, ಅದರಿಂದ ನಷ್ಟವೇನೂ ಇಲ್ಲ.

ಆ ರೈತರು ಆ ವರ್ಷದ ಮುಂಗಾರಿ ಬಿತ್ತಿಗೆಯನ್ನು ಒಂದು ಕಡೆ ತಮ್ಮ ಎತ್ತು, ಇನ್ನೊಂದು ಕಡೆ ನೆರೆಯವರಿಂದ ಬೇಡಿ ತಂದ ಎತ್ತು ಕಟ್ಟಿ ಮುಗಿಸಿದರು. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. ಎದುರಾದಾಗಲೆಲ್ಲ “ಶರಣ್ರೀ ಮಾಸ್ತರ್ರ” ಎಂದು ಕೈಮುಗಿಯುತ್ತಿದ್ದರು. ಅಂದು ಸಂಜೆಯೇ ನಾನು ಸೈಕಲ್ ಹತ್ತಿದ್ದರೆ, ಎಂದು ಗಾಳಿ ಬೀಸಿದಾಗಲೆಲ್ಲ ಈಗಲೂ ಅನ್ನಿಸುತ್ತದೆ.