ರೆಕಾರ್ಡ್ ಗುಂಡಿಯಿಲ್ಲದ ಟೇಪ್ ಯಂತ್ರ

ಧ್ವನಿ ಮುದ್ರಿಸಲಾರದ ಟೇಪ್ ಯಂತ್ರವನ್ನು ಯಾರು ಕೊಂಡಾರು? 1979ರಲ್ಲಿ ಜಪಾನಿನ ಸೋನಿ ಕಂಪನಿಯೊಳಗೇ ಎದ್ದ ಪ್ರಶ್ನೆಯಿದು. ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಅವರಿಗೆ ವಿಮಾನದಲ್ಲಿ ಸಂಗೀತ ಕೇಳುವ ಆಸೆ. ಎಂಜಿನಿಯರರು ‘ಪ್ರೆಸ್‌ಮನ್’ ಎಂಬ ಪುಟ್ಟ ರೆಕಾರ್ಡರಿನಿಂದ ಮುದ್ರಣದ ಭಾಗವನ್ನೂ ಸ್ಪೀಕರನ್ನೂ ತೆಗೆದು ಸ್ಟೀರಿಯೋ ಕೂರಿಸಿದರು. ಹಗುರವಾದ ಹೆಡ್‌ಫೋನ್ ಜೊತೆಗೂಡಿತು. ಅಧ್ಯಕ್ಷ ಅಕಿಯೊ ಮೊರಿಟಾ ಹಟ ಹಿಡಿದು ಇದನ್ನು ಮಾರುಕಟ್ಟೆಗೆ ತಂದರು. ಜುಲೈ 1ರಂದು ‘ವಾಕ್‌ಮನ್’ ಹೊರಬಂತು. ಬೆಲೆ 33,000 ಯೆನ್. ಮೊದಲ ತಿಂಗಳು ವ್ಯಾಪಾರ ಮಂದ. ಆಗಸ್ಟ್ ಮುಗಿಯುವಷ್ಟರಲ್ಲಿ ಮೊದಲ ಕಂತಿನ 30,000 ಯಂತ್ರಗಳೂ ಖಾಲಿ!

ನಮಗೆ ಸ್ವಾರಸ್ಯವೆನಿಸುವುದು ಬೇರೊಂದು ಸಂಗತಿ. ಇಷ್ಟೆಲ್ಲ ಕಿತ್ತುಹಾಕಿದವರೇ ಹೊಸತೊಂದನ್ನು ಸೇರಿಸಿದ್ದರು. ಒಬ್ಬರೇ ಕೂತು ಕೇಳುವುದು ಸೌಜನ್ಯವಲ್ಲವೆಂದು ಮೊರಿಟಾ ಅವರಿಗೆ ತೋರಿತು. ಅದಕ್ಕಾಗಿ ಎರಡು ಹೆಡ್‌ಫೋನ್ ಸಿಕ್ಕಿಸುವ ಏರ್ಪಾಟು, ಹಾಡಿನ ನಡುವೆ ಮಾತಾಡಿಕೊಳ್ಳಲು ಒಂದು ಕಿತ್ತಳೆ ಗುಂಡಿ, ಮೈಕು. ಕೊಂಡವರೋ ತಮ್ಮ ಪಾಡಿಗೆ ತಾವು ಕೇಳತೊಡಗಿದರು. 1981ರ ಮಾದರಿಯಲ್ಲಿ ಆ ಗುಂಡಿಯೂ ಮಾಯ.

ರೇಡಿಯೋ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ಹಿಡಿದಿಡುತ್ತಿದ್ದ ನಮಗಂತೂ ‘ಟೂ-ಇನ್-ವನ್’ ಪೆಟ್ಟಿಗೆಯೇ ಮೇಲೆನಿಸುತ್ತಿತ್ತು. ನಮ್ಮಂಥವರು ಜಪಾನಿನಲ್ಲೂ ಇದ್ದಿರಬೇಕು. 1982ರಲ್ಲಿ ರೆಕಾರ್ಡ್ ಗುಂಡಿಯುಳ್ಳ ‘ಪ್ರೊಫೆಷನಲ್’ ವಾಕ್‌ಮನ್ನನ್ನು ಸೋನಿಯೇ ಮಾರಾಟಕ್ಕೆ ತಂದಿತು.