ಜಿಪುಣ ನಿಜಾಮರ ಕಥೆಗಳು ಮತ್ತು ನಾವು

ಮೆಹದಿಪಟ್ಟಣಂ ಬಸ್ ನಿಲ್ದಾಣದ ಆಸುಪಾಸಿನ ಇರಾನಿ ಹೋಟೆಲುಗಳಲ್ಲಿ ಹಿರಿಯರ ಪಕ್ಕ ಅರ್ಧ ಗಂಟೆ ಕುಳಿತರೆ ಸಾಕು, ಏಳನೆಯ ನಿಜಾಮರ ಕಥೆ ಒಂದಾದರೂ ಕಿವಿಗೆ ಬೀಳದೆ ಇರದು. ಲೋಕಕ್ಕೆಲ್ಲ ಶ್ರೀಮಂತರಾದವರು ಒಂದೇ ಹಳೆಯ ತುರ್ಕಿ ಟೋಪಿಯನ್ನು ಮೂವತ್ತೈದು ವರ್ಷ ಹಾಕಿದರಂತೆ. ಕಾಲುಚೀಲವನ್ನು ತಾವೇ ಹೆಣೆದುಕೊಳ್ಳುತ್ತಿದ್ದರಂತೆ. ಸೇದುತ್ತಿದ್ದುದು ಅಗ್ಗದ ಚಾರ್‌ಮಿನಾರ್ ಸಿಗರೇಟಂತೆ, ಅತಿಥಿಗಳು ಸೇದಿ ಬಿಟ್ಟ ತುಂಡೂ ಆದೀತಂತೆ. ಅಂತೆಕಂತೆಗಳ ಈ ಸಂತೆಯಲ್ಲಿ ನಾವೂ ಬಹಳ ಕಾಲ ಸಂತೋಷದಿಂದ ವ್ಯಾಪಾರ ಮಾಡಿದವರೇ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಮೆಹದಿ ನವಾಜ್ ಜಂಗ್ ಅವರೂ ಆ ಆಡಳಿತದಲ್ಲಿ ಅಧಿಕಾರಿಯಾಗಿದ್ದವರು, ಮುಂದೆ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ಆದರೆ ಅವರ ಕಥೆಯನ್ನು ಯಾರೂ ಹೇಳುವುದಿಲ್ಲ. ವಿಚಿತ್ರ ಸ್ವಭಾವದವರಿಗೇ ಜನರ ನೆನಪಿನಲ್ಲಿ ಮೊದಲ ಜಾಗ.

ಮೀರ್ ಉಸ್ಮಾನ್ ಅಲಿ ಖಾನರು ಹುಟ್ಟಿದ್ದು 1886ರಲ್ಲಿ, ಪಟ್ಟಕ್ಕೆ ಬಂದದ್ದು 1911ರಲ್ಲಿ. ತಂದೆ ಮಹಬೂಬ್ ಅಲಿ ಖಾನರು ಒಮ್ಮೆ ತೊಟ್ಟ ಉಡುಪನ್ನು ಮತ್ತೆ ತೊಡುತ್ತಿರಲಿಲ್ಲವೆಂದು ಪ್ರತೀತಿ. ಅವರ ಉದ್ದಾನುದ್ದ ಬಟ್ಟೆಯ ಬೀರು ಪುರಾನಿ ಹವೇಲಿಯಲ್ಲಿ ಇಂದಿಗೂ ಇದೆ. ಅಂಥವರಿಗೆ ಇಂಥ ಮಗ. 1937ರ ಫೆಬ್ರವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಈ ಮಗನ ಚಿತ್ರವನ್ನು ಮುಖಪುಟದಲ್ಲಿ ಹಾಕಿ ಜಗತ್ತಿನ ಅತ್ಯಂತ ಶ್ರೀಮಂತ ವ್ಯಕ್ತಿಯೆಂದು ಸಾರಿತು.

ಕಥೆಗಳಲ್ಲೆಲ್ಲ ರಾಜನೆಂದರೆ ಜೇಕಬ್ ವಜ್ರದ ಕಥೆ. ಸಿಮ್ಲಾದ ವ್ಯಾಪಾರಿ ಜೇಕಬ್‌ನಿಂದ 1891ರಲ್ಲಿ ಇದನ್ನು ತರಿಸಿಕೊಂಡ ತಂದೆ, ಆ ವ್ಯಾಜ್ಯದಿಂದ ರೋಸಿಹೋದರು. ಅದನ್ನು ಒಂದು ಪಾದರಕ್ಷೆಯ ಮೂತಿಯೊಳಗೆ ತುರುಕಿಟ್ಟರೆಂದೂ, ಮಗ ಅದನ್ನು ಕಂಡು ಕಾಗದದ ಮೇಲೆ ಭಾರವಾಗಿ ಇಟ್ಟುಕೊಂಡರೆಂದೂ ಹೇಳುತ್ತಾರೆ. ಕಾಗದ ಹಾರದಂತೆ ಇಟ್ಟಿಗೆ ಚೂರು, ದಾರದ ಉಂಡೆ, ಹಳೆಯ ಬೀಗ ಇಟ್ಟುಕೊಳ್ಳುವ ನಮ್ಮಂಥ ಗುಮಾಸ್ತರಿಗೆ ಇದು ಬಹಳ ಪ್ರಿಯವಾದ ಕಥೆ! ಸುಮಾರು 185 ಕ್ಯಾರಟ್ಟಿನ ಆ ವಜ್ರ ಸೇರಿದಂತೆ ನಿಜಾಮರ 173 ಒಡವೆಗಳನ್ನು ಭಾರತ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡಿತು.

ಇನ್ನೊಂದು ಕಥೆ ಇದಕ್ಕಿಂತ ಹೆಚ್ಚು ಓಡಾಡುತ್ತದೆ. 1965ರ ಯುದ್ಧದ ಹೊತ್ತಿಗೆ ಲಾಲ್‌ಬಹಾದ್ದೂರ್ ಶಾಸ್ತ್ರಿಯವರಿಗೆ ನಿಜಾಮರು ಐದು ಟನ್ ಚಿನ್ನ ದಾನ ಮಾಡಿದರು, ಖಾಲಿ ಪೆಟ್ಟಿಗೆಗಳನ್ನು ಮಾತ್ರ ಮರಳಿ ಕಳಿಸಿ ಎಂದರು ಎಂಬುದು. ನಡೆದದ್ದೇನೆಂದರೆ, ರಾಷ್ಟ್ರೀಯ ರಕ್ಷಣಾ ಚಿನ್ನದ ಯೋಜನೆಯಲ್ಲಿ ಅವರು 425 ಕಿಲೋ ಚಿನ್ನ ತೊಡಗಿಸಿದರು. ಬಡ್ಡಿ ಶೇಕಡ ಆರೂವರೆ. ದಾನವೆಲ್ಲಿ, ಠೇವಣಿಯೆಲ್ಲಿ! ಇಷ್ಟಾದರೂ ಕಷ್ಟಕಾಲದಲ್ಲಿ ಅಷ್ಟು ಚಿನ್ನವನ್ನು ಸರ್ಕಾರದ ಕೈಗೆ ಒಪ್ಪಿಸಿದ್ದು ಸಣ್ಣ ಮಾತಲ್ಲ. ನಿಜವೇ ಸಾಕಾಗಿತ್ತು, ಅದಕ್ಕೆ ಪೆಟ್ಟಿಗೆಯ ಬಾಲ ಬೇಕಿರಲಿಲ್ಲ.

ಜಿಪುಣರೆಂಬ ಹೆಸರೂ ಪೂರ್ತಿ ನಿಲ್ಲುವುದಿಲ್ಲ. ತಮಗಾಗಿ ಕಾಸು ಬಿಚ್ಚದ ಅವರು 1947ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ಳ ಮದುವೆಗೆ ವಜ್ರದ ಹಾರವನ್ನೇ ಉಡುಗೊರೆಯಾಗಿ ಕೊಟ್ಟರು. ಪುಣೆಯ ಭಂಡಾರಕರ ಸಂಸ್ಥೆ ಮಹಾಭಾರತವನ್ನು ಸಂಪಾದಿಸುತ್ತಿದ್ದಾಗ ನೆರವಾದರು. ಅಲ್ಲಿನ ಅತಿಥಿಗೃಹಕ್ಕೆ ನಿಜಾಮರ ಹೆಸರೇ ಇದೆ. ಇನ್ನು ನೀರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ನುಂಗಿತು. ನದಿದಡದ ಒಂದು ಹುಣಿಸೆಮರ ಏರಿದ ನೂರೈವತ್ತು ಮಂದಿ ಬದುಕಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪ್ರವಾಹ ತಡೆಯುವ ಯೋಜನೆಗೆ 1909ರಲ್ಲಿ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅದರಂತೆ ಉಸ್ಮಾನ್ ಅಲಿಯವರ ಕಾಲದಲ್ಲಿ 1920ಕ್ಕೆ ಗಂಡಿಪೇಟೆಯ ಉಸ್ಮಾನ್ ಸಾಗರ, 1927ಕ್ಕೆ ಹಿಮಾಯತ್ ಸಾಗರ ಮುಗಿದವು. ಗಂಡಿಪೇಟೆಯ ನೀರನ್ನು ಸೋಸಲು ಕಟ್ಟಿದ ಫಿಲ್ಟರ್ ಬೆಡ್ಡುಗಳು ನಮ್ಮ ನೆರೆಯ ಆಸಿಫ್‌ನಗರದಲ್ಲಿವೆ. ಮಂಜೀರಾ, ಕೃಷ್ಣಾ, ಗೋದಾವರಿ ನೀರು ಬಂದದ್ದು ಆಮೇಲೆ.

ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯ ರಾಜನ ಕಥೆಯಾದೀತು. ಆದರೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳೂ ಇದೇ ಸಂಸ್ಥಾನದಲ್ಲಿದ್ದವು. ಅಲ್ಲಿ ಕಚೇರಿಯ ಭಾಷೆ ಉರ್ದು, ನ್ಯಾಯಾಲಯದ್ದೂ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯಲ್ಲಿ ಉನ್ನತ ವಿದ್ಯೆ ಕೊಟ್ಟಿತೆಂದು ಹೊಗಳುತ್ತೇವೆ. ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬಿ.ಎಸ್ಸಿ. ದಾಟಿದ ನಮಗೆ ಅದರ ಬೆಲೆ ಗೊತ್ತು. ಆದರೆ ಆ ದೇಶಭಾಷೆ ಕನ್ನಡದ ಮಗುವಿನದಾಗಿರಲಿಲ್ಲ. ಗುಲಬರ್ಗೆಯ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು ಜನರ ಕಾಸಿನಿಂದ ನಡೆದವು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಭೆ ಸೇರುವುದಕ್ಕೂ ಮೊದಲೇ ಅಪ್ಪಣೆ ಬೇಕು. ಸುತ್ತೋಲೆಗಳ ನಡುವೆಯೇ ಬಾಳು ಕಳೆಯುವ ನಮಗೆ, ಒಂದು ಹಾಳೆಗೆ ಎಷ್ಟು ಬಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ವರ್ಷಗಳು ಇನ್ನೂ ಕಠಿಣ. ಭಾರತ ಸ್ವತಂತ್ರವಾದ ಮೇಲೂ ನಿಜಾಮರು ಒಕ್ಕೂಟಕ್ಕೆ ಸೇರಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಹರಿದ ರಕ್ತವನ್ನು ಆ ಸೀಮೆ ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಮಣಿದರು. ಆ ಬಳಿಕ ಅದೇ ಜಿಲ್ಲೆಗಳಲ್ಲಿ ಏನೂ ಅರಿಯದ ಮುಸ್ಲಿಂ ಹಳ್ಳಿಗರು ಅಪಾರ ಸಂಖ್ಯೆಯಲ್ಲಿ ಸತ್ತರು. ಪಂಡಿತ ಸುಂದರಲಾಲರ ಸಮಿತಿ ಅದನ್ನು ಸರ್ಕಾರಕ್ಕೆ ವರದಿ ಮಾಡಿತು. ಈ ಎರಡು ನೋವುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

ನಿಜಾಮರು 1950ರಿಂದ 1956ರವರೆಗೆ ರಾಜಪ್ರಮುಖರಾಗಿದ್ದರು. 1956ರ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಿಂದುಳಿದ ಆ ಭಾಗಕ್ಕೆ ಸಂವಿಧಾನದ 371ಜೆ ವಿಧಿ ದೊರೆಯಲು 2012ರವರೆಗೆ ಕಾಯಬೇಕಾಯಿತು. 1967ರ ಫೆಬ್ರವರಿ 24ರಂದು ನಿಜಾಮರು ತೀರಿಕೊಂಡಾಗ ಊರಿಗೆ ಊರೇ ಹಿಂದೆ ನಡೆಯಿತು. ಅವರ ಗೋರಿ ಕಿಂಗ್ ಕೋಠಿಯ ಎದುರಿನ ಜೂದಿ ಮಸೀದಿಯಲ್ಲಿದೆ.

1948ನ್ನು ಕಣ್ಣಾರೆ ಕಂಡ ಕನ್ನಡಿಗರು ಈಗ ಎಂಬತ್ತು ದಾಟಿದವರು. ಟೋಪಿ, ಸಿಗರೇಟಿನ ಕಥೆಗಳನ್ನು ಯಾರು ಬೇಕಾದರೂ ಹೇಳಿಯಾರು. ಆ ವರ್ಷ ಮನೆ ಬಿಟ್ಟು ಗಡಿ ದಾಟಿದ್ದನ್ನು, ನೆರೆಯವರು ಅಡಗಿಸಿಟ್ಟು ಕಾಪಾಡಿದ್ದನ್ನು, ಉರ್ದುವಿನಲ್ಲಿ ಓದಿ ಮನೆಯಲ್ಲಿ ಕನ್ನಡ ಕಲಿತದ್ದನ್ನು ಅವರೇ ಹೇಳಬೇಕು. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಜ್ಜಿ ಇದ್ದರೆ ಈ ಭಾನುವಾರ ಪಕ್ಕದಲ್ಲಿ ಕುಳಿತು ಕೇಳಿ, ಹೆಸರು, ಊರು, ವರ್ಷ ಸಹಿತ ಬರೆದಿಟ್ಟುಕೊಳ್ಳಿ.